‘ಲೈಫ್ ಇನ್ ದಿ ಯುಕೆ’ ಪರೀಕ್ಷೆಗೆ ಸಿದ್ಧತೆ: ಬ್ರಿಟನ್ನಿನ ಇತಿಹಾಸ, ಆಡಳಿತ, ಸಂಸ್ಕೃತಿಯನ್ನು ಓದಿಕೊಳ್ಳುವ ಬಗೆ

ಬ್ರಿಟನ್ನಿನಲ್ಲಿ ಕಾಯಂ ವಾಸದ ಪರವಾನಗಿಗೆ, ಅಂದರೆ ಇಲ್ಲಿನ ಭಾರತೀಯರೆಲ್ಲ ಐಎಲ್‌ಆರ್ ಎಂದೇ ಕರೆಯುವ ಹಂತಕ್ಕೆ, ಅಥವಾ ಅದರಾಚೆಯ ಪೌರತ್ವಕ್ಕೆ ಅರ್ಜಿ ಹಾಕುವ 18ರಿಂದ 64 ವರ್ಷದವರೆಗಿನ ಬಹುತೇಕರು ‘ಲೈಫ್ ಇನ್ ದಿ ಯುಕೆ’ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. 2005ರಲ್ಲಿ ಪೌರತ್ವದ ಅರ್ಜಿದಾರರಿಗಾಗಿ ಆರಂಭವಾದ ಈ ಪರೀಕ್ಷೆಯನ್ನು 2007ರಲ್ಲಿ ಕಾಯಂ ವಾಸ ಬಯಸುವವರಿಗೂ ವಿಸ್ತರಿಸಲಾಯಿತು. 45 ನಿಮಿಷಗಳಲ್ಲಿ 24 ಪ್ರಶ್ನೆಗಳಿಗೆ ಉತ್ತರಿಸಬೇಕು. ತೇರ್ಗಡೆಗೆ ಶೇ 75, ಎಂದರೆ 18 ಸರಿಯುತ್ತರಗಳು ಬೇಕು. ದೊಡ್ಡ ದೊಡ್ಡ ಪದವಿ ಪಡೆದು ಬಂದವರಿಗೆ ಇದು ಮಕ್ಕಳಾಟದಂತೆ ಕಾಣುತ್ತದೆ, ಹಾಗೆ ಕಂಡ ಕಾರಣಕ್ಕೇ ಒಂದೆರಡು ಅಂಕಗಳಿಂದ ಸೋತವರನ್ನು ನಾನು ಬಲ್ಲೆ. ಇಲ್ಲಿ ಪರೀಕ್ಷೆಗೆ ಒಳಗಾಗುವುದು ನಿಮ್ಮ ಸಾಮಾನ್ಯ ಜ್ಞಾನವಲ್ಲ. ಸರ್ಕಾರ ಹೊರತಂದ ಒಂದು ಕೈಪಿಡಿಯನ್ನು ನೀವು ಎಷ್ಟು ಗಮನವಿಟ್ಟು ಓದಿದ್ದೀರಿ ಎಂಬುದು. ಆ ಕೈಪಿಡಿಯನ್ನು ಇಸವಿಗಳ ಮೂಟೆಯೆಂದು ಹೊತ್ತರೆ ಭಾರ. ಒಂದು ಘಟನೆಯಿಂದ ಇನ್ನೊಂದು ಹುಟ್ಟಿದ ಕಥೆಯೆಂದು ಓದಿದರೆ ಇಸವಿಗಳು ತಾವಾಗಿಯೇ ನೆನಪಿನಲ್ಲಿ ಕೂರುತ್ತವೆ.

ಮೊದಲ ಹೆಜ್ಜೆ: ಪರೀಕ್ಷೆ ಎಲ್ಲಿ ಬರುತ್ತದೆ ಎಂದು ತಿಳಿಯಿರಿ

ಪರೀಕ್ಷೆಯ ಫಲಿತಾಂಶಕ್ಕೆ ಅವಧಿ ಮುಗಿಯುವುದೆಂಬುದಿಲ್ಲ. ಐಎಲ್‌ಆರ್‌ಗಾಗಿ ಒಮ್ಮೆ ತೇರ್ಗಡೆಯಾದರೆ ಮುಂದೆ ಪೌರತ್ವದ ಅರ್ಜಿಗೂ ಅದೇ ಉಲ್ಲೇಖ ಸಂಖ್ಯೆ ನಡೆಯುತ್ತದೆ. ಆದ್ದರಿಂದ ಐಎಲ್‌ಆರ್ ಗಡುವು ಹತ್ತಿರ ಬರುವವರೆಗೆ ಕಾಯದೆ, ಒಂದು ವರ್ಷ ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಜಾಣತನ. ಇಂಗ್ಲಿಷ್ ಭಾಷಾ ಅರ್ಹತೆ ಇದರಿಂದ ಸಂಪೂರ್ಣ ಬೇರೆಯಾದ ಷರತ್ತು. ಈ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆದು ಗೆದ್ದ ಮಾತ್ರಕ್ಕೆ ಅದು ಪೂರೈಸಿದಂತಾಗುವುದಿಲ್ಲ. ಭಾರತದ ಪದವಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಪಡೆದವರು ಅದನ್ನು ಎಕ್ಟಿಸ್ ಎಂಬ ಸಂಸ್ಥೆಯಿಂದ ದೃಢೀಕರಿಸಿಕೊಂಡು ಬಳಸಬಹುದು.

ಎರಡನೆಯ ಹೆಜ್ಜೆ: ಕೈಪಿಡಿಯನ್ನು ಕೊಳ್ಳಿರಿ, ಎರಡು ಬಾರಿ ಓದಿರಿ

ಈಗ ಬಳಕೆಯಲ್ಲಿರುವುದು 2013ರಲ್ಲಿ ಬಂದ ಅಧಿಕೃತ ಕೈಪಿಡಿಯ ಮೂರನೆಯ ಆವೃತ್ತಿ. ಅದರಲ್ಲಿ ಐದು ಅಧ್ಯಾಯಗಳಿವೆ: ದೇಶದ ಮೌಲ್ಯಗಳು, ಯುಕೆ ಎಂದರೇನು, ಇತಿಹಾಸ, ಇಂದಿನ ಸಮಾಜ, ಸರ್ಕಾರ ಮತ್ತು ಕಾನೂನು. ಮೊದಲೆರಡು ಚಿಕ್ಕವು, ಒಂದೇ ಸಂಜೆಯಲ್ಲಿ ಮುಗಿಯುತ್ತವೆ. ಕಷ್ಟವಿರುವುದು ಮೂರನೆಯದರಲ್ಲಿ. ಗೆಳೆಯರ ಮನೆಯಲ್ಲಿ ಹಳೆಯ ಪ್ರತಿ ಸಿಕ್ಕಿದರೆ ಅದರ ಮುದ್ರಣದ ವರ್ಷ ನೋಡಿಕೊಳ್ಳಿರಿ. ಎರಡನೆಯ ಎಲಿಜಬೆತ್ 2022ರ ಸೆಪ್ಟೆಂಬರ್ 8ರಂದು ನಿಧನರಾಗಿ ಮೂರನೆಯ ಚಾರ್ಲ್ಸ್ ಪಟ್ಟಕ್ಕೆ ಬಂದಿದ್ದಾರೆ, ರಾಷ್ಟ್ರಗೀತೆಯಲ್ಲಿ ‘ಕ್ವೀನ್’ ಹೋಗಿ ‘ಕಿಂಗ್’ ಬಂದಿದೆ. ಹಳೆಯ ಪ್ರತಿಗೆ ಇದು ಗೊತ್ತಿಲ್ಲ.

ಮೊದಲ ಓದಿನಲ್ಲಿ ಏನನ್ನೂ ಬಾಯಿಪಾಠ ಮಾಡಬೇಡಿರಿ. ಎರಡನೆಯ ಓದಿನಲ್ಲಿ ಒಂದು ಹಾಳೆಯ ಮೇಲೆ ‘ಸ್ಕಾಟ್ಲೆಂಡಿನಲ್ಲಿ ಬೇರೆ’ ಎಂದು ಶೀರ್ಷಿಕೆ ಬರೆದು, ಅಂಥದ್ದು ಎದುರಾದಾಗಲೆಲ್ಲ ಟಿಪ್ಪಣಿ ಮಾಡಿಕೊಳ್ಳಿರಿ. ಪ್ರಶ್ನೆ ತೆಗೆಯುವವರಿಗೆ ಅಪವಾದಗಳೆಂದರೆ ಬಲು ಪ್ರೀತಿ. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಜ್ಯೂರಿಗೆ 12 ಜನರಾದರೆ ಸ್ಕಾಟ್ಲೆಂಡಿನಲ್ಲಿ 15. ಇಂಗ್ಲೆಂಡಿನ ಚರ್ಚಿಗೆ ರಾಜನೇ ಮುಖ್ಯಸ್ಥನಾದರೆ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಚರ್ಚಿಗೆ ಅಲ್ಲ. ಹೊಸ ವರ್ಷದ ಮುನ್ನಾದಿನಕ್ಕೆ ಅಲ್ಲಿ ಹಾಗ್ಮನೇ ಎಂಬ ಹೆಸರು, ಜನವರಿ 2 ಕೂಡ ಅಲ್ಲಿ ರಜೆ. ನನ್ನ ಆ ಹಾಳೆ ಕೊನೆಗೆ ಎರಡೂ ಬದಿ ತುಂಬಿತ್ತು.

ಮೂರನೆಯ ಹೆಜ್ಜೆ: ದೇಶದ ಹೆಸರಿನಿಂದ ಆರಂಭಿಸಿ

ನಮ್ಮಲ್ಲಿ ಇಂಗ್ಲೆಂಡ್, ಬ್ರಿಟನ್, ಯುಕೆ ಎಂಬ ಮೂರನ್ನೂ ಒಂದೇ ಅರ್ಥದಲ್ಲಿ ಬಳಸುವ ರೂಢಿಯಿದೆ. ಪರೀಕ್ಷೆಯಲ್ಲಿ ಈ ರೂಢಿ ಅಂಕ ಕಳೆಯುತ್ತದೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಸೇರಿದರೆ ಗ್ರೇಟ್ ಬ್ರಿಟನ್. ಅದಕ್ಕೆ ಉತ್ತರ ಐರ್ಲೆಂಡ್ ಸೇರಿದರೆ ಯುನೈಟೆಡ್ ಕಿಂಗ್‌ಡಮ್. ಐಲ್ ಆಫ್ ಮ್ಯಾನ್ ಮತ್ತು ಚಾನೆಲ್ ದ್ವೀಪಗಳು ಅರಸೊತ್ತಿಗೆಗೆ ಸೇರಿದ್ದರೂ ಯುಕೆಯ ಭಾಗವಲ್ಲ. ಸೇಂಟ್ ಹೆಲೆನಾ, ಫಾಕ್‌ಲೆಂಡ್‌ಗಳಂಥವು ಸಾಗರೋತ್ತರ ಪ್ರಾಂತ್ಯಗಳು.

ಹೆಸರು ಹೀಗೆ ಉದ್ದವಾದದ್ದರ ಹಿಂದೆಯೇ ನಾಲ್ಕು ಇಸವಿಗಳು ಅಡಗಿವೆ. 1284ರಲ್ಲಿ ಮೊದಲನೆಯ ಎಡ್ವರ್ಡ್ ರಡ್‌ಲನ್ ಶಾಸನದ ಮೂಲಕ ವೇಲ್ಸನ್ನು ಇಂಗ್ಲಿಷ್ ಅರಸೊತ್ತಿಗೆಗೆ ಸೇರಿಸಿಕೊಂಡನು. 1707ರ ಒಕ್ಕೂಟ ಕಾಯ್ದೆಯಿಂದ ಸ್ಕಾಟ್ಲೆಂಡ್ ಸೇರಿತು. 1801ರಲ್ಲಿ ಐರ್ಲೆಂಡ್ ಸೇರಿತು. 1922ರಲ್ಲಿ ಅದರ ಬಹುಭಾಗ ಬೇರ್ಪಟ್ಟು ಉತ್ತರದ ಆರು ಕೌಂಟಿಗಳು ಮಾತ್ರ ಉಳಿದವು. ಧ್ವಜವೂ ಇದೇ ಕಥೆಯನ್ನು ಹೇಳುತ್ತದೆ. ಸೇಂಟ್ ಜಾರ್ಜ್, ಸೇಂಟ್ ಆಂಡ್ರೂ, ಸೇಂಟ್ ಪ್ಯಾಟ್ರಿಕ್ ಎಂಬ ಮೂವರ ಶಿಲುಬೆಗಳು ಅದರಲ್ಲಿವೆ, ವೇಲ್ಸಿನ ಕೆಂಪು ಡ್ರ್ಯಾಗನ್ ಇಲ್ಲ. ಏಕೆಂದರೆ 1606ರಲ್ಲಿ ಮೊದಲ ಒಕ್ಕೂಟ ಧ್ವಜ ರೂಪುಗೊಂಡಾಗ ವೇಲ್ಸ್ ಅದಾಗಲೇ ಇಂಗ್ಲೆಂಡಿನೊಳಗೆ ಸೇರಿಹೋಗಿತ್ತು.

ನಾಲ್ಕನೆಯ ಹೆಜ್ಜೆ: ಇತಿಹಾಸವನ್ನು ಅಧಿಕಾರದ ಕಥೆಯಾಗಿ ಓದಿ

ಶಿಲಾಯುಗದ ಸ್ಟೋನ್‌ಹೆಂಜ್‌ನಿಂದ 1066ರ ಹೇಸ್ಟಿಂಗ್ಸ್ ಕದನದವರೆಗಿನ ಭಾಗವನ್ನು ‘ಯಾರು ಬಂದರು’ ಎಂಬ ಒಂದೇ ಪ್ರಶ್ನೆಯಿಂದ ಓದಬಹುದು. ಕ್ರಿ.ಪೂ. 55ರಲ್ಲಿ ಜೂಲಿಯಸ್ ಸೀಸರ್ ದಂಡೆತ್ತಿ ಬಂದನಾದರೂ ನೆಲೆಯೂರಲಿಲ್ಲ, ಕ್ರಿ.ಶ. 43ರಲ್ಲಿ ಚಕ್ರವರ್ತಿ ಕ್ಲಾಡಿಯಸ್‌ನ ಸೇನೆ ಬಂದು ನಿಂತಿತು. 410ರಲ್ಲಿ ರೋಮನ್ನರು ಹಿಂದಿರುಗಿದರು. ಅವರನ್ನು ಎದುರಿಸಿದ ಐಸೀನಿ ಜನರ ರಾಣಿ ಬೌಡಿಕಾಳನ್ನು ಮರೆಯಬೇಡಿರಿ. ಸಂಸತ್ತಿನ ಎದುರಿಗೆ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಬಳಿ ಅವಳ ಪ್ರತಿಮೆಯಿದೆ. ಆಮೇಲೆ ಆಂಗ್ಲೋ-ಸ್ಯಾಕ್ಸನರು, 789ರಿಂದ ವೈಕಿಂಗರು, ಕೊನೆಗೆ ನಾರ್ಮಂಡಿಯ ವಿಲಿಯಂ. ಪರದೇಶದಿಂದ ಬಂದು ಗೆದ್ದವರಲ್ಲಿ ವಿಲಿಯಂನೇ ಕೊನೆಯವನು ಎಂಬುದನ್ನು ಕೈಪಿಡಿ ಒತ್ತಿ ಹೇಳುತ್ತದೆ.

ಅಲ್ಲಿಂದ ಮುಂದಕ್ಕೆ ಪ್ರಶ್ನೆಯನ್ನು ಬದಲಿಸಿಕೊಳ್ಳಿರಿ: ಅಧಿಕಾರ ಯಾರ ಕೈಯಲ್ಲಿತ್ತು, ಯಾರ ಕೈಗೆ ಹೋಯಿತು? 1215ರಲ್ಲಿ ಶ್ರೀಮಂತ ಸರದಾರರು ಕಿಂಗ್ ಜಾನ್‌ನಿಂದ ಮ್ಯಾಗ್ನಾ ಕಾರ್ಟಾಕ್ಕೆ ಒಪ್ಪಿಗೆ ಪಡೆದರು. ರಾಜನೂ ಕಾನೂನಿಗೆ ಒಳಪಟ್ಟವನು ಎಂಬ ತತ್ತ್ವ ಅಲ್ಲಿಂದ ಆರಂಭವಾಗುತ್ತದೆ. 1348ರಲ್ಲಿ ಬಂದ ಪ್ಲೇಗು ಇಂಗ್ಲೆಂಡಿನ ಮೂರನೆಯ ಒಂದು ಭಾಗದಷ್ಟು ಜನರನ್ನು ಬಲಿ ತೆಗೆದುಕೊಂಡಿತು. ಕೂಲಿಯವರು ಸಿಗದಾದಾಗ ಬದುಕಿ ಉಳಿದ ರೈತಾಪಿ ಜನ ಹೆಚ್ಚಿನ ಕೂಲಿ ಕೇಳುವಂತಾಯಿತು. 1485ರ ಬಾಸ್ವರ್ತ್ ಕದನ ಟ್ಯೂಡರ್ ವಂಶವನ್ನು ತಂದಿತು, ಆ ವಂಶದ ಎಂಟನೆಯ ಹೆನ್ರಿ ಹೆಂಡತಿಯಿಂದ ಬಿಡುಗಡೆ ಬಯಸಿ, ಪೋಪ್ ಒಪ್ಪದಿದ್ದಾಗ ಇಂಗ್ಲೆಂಡಿಗೆ ತನ್ನದೇ ಚರ್ಚನ್ನು ಕಟ್ಟಿಕೊಂಡನು.

ಹೆನ್ರಿಯ ಆರು ಹೆಂಡಿರ ಗತಿಯನ್ನು ನೆನಪಿಡಲು ಇಲ್ಲಿನ ಮಕ್ಕಳಿಗೆ ಒಂದು ಪ್ರಾಸವಿದೆ. ಕನ್ನಡದಲ್ಲಿ ಅದು ಇನ್ನೂ ಸಲೀಸು: ವಿಚ್ಛೇದನ, ಶಿರಚ್ಛೇದನ, ಮರಣ, ವಿಚ್ಛೇದನ, ಶಿರಚ್ಛೇದನ, ಉಳಿದ ಪ್ರಾಣ. ಆರಗಾನಿನ ಕ್ಯಾಥರಿನ್, ಆನ್ ಬೊಲಿನ್, ಜೇನ್ ಸೀಮೋರ್, ಕ್ಲೀವ್ಸಿನ ಆನ್, ಕ್ಯಾಥರಿನ್ ಹೊವರ್ಡ್, ಕ್ಯಾಥರಿನ್ ಪಾರ್ ಎಂಬ ಕ್ರಮದಲ್ಲಿ ಅದನ್ನು ಜೋಡಿಸಿಕೊಂಡರೆ ಸಾಕು. ಮೊದಲಿನವಳ ಮಗಳು ಮೇರಿ, ಎರಡನೆಯವಳ ಮಗಳು ಎಲಿಜಬೆತ್, ಮೂರನೆಯವಳ ಮಗ ಎಡ್ವರ್ಡ್. ಆದರೆ ಪಟ್ಟಕ್ಕೆ ಬಂದದ್ದು ಮಗ ಮೊದಲು, ಆಮೇಲೆ ಮೇರಿ, ಕೊನೆಗೆ ಎಲಿಜಬೆತ್. ಸ್ಪೇನಿನ ಆರ್ಮಡಾ ಸೋತದ್ದು ಎಲಿಜಬೆತ್ ಕಾಲದಲ್ಲಿ, 1588ರಲ್ಲಿ. ಮಕ್ಕಳಿಲ್ಲದ ಎಲಿಜಬೆತ್ 1603ರಲ್ಲಿ ತೀರಿಕೊಂಡಾಗ ಸ್ಕಾಟ್ಲೆಂಡಿನ ಜೇಮ್ಸ್ ಎರಡೂ ದೇಶಗಳಿಗೆ ರಾಜನಾದನು.

ಕಥೆಯ ಬಿಗಿ ಇಲ್ಲಿಂದ ಹೆಚ್ಚುತ್ತದೆ. ಜೇಮ್ಸನ ಮಗ ಮೊದಲನೆಯ ಚಾರ್ಲ್ಸ್ ದೈವದತ್ತ ಅಧಿಕಾರದ ಮೇಲೆ ನಂಬಿಕೆಯಿಟ್ಟು ಹನ್ನೊಂದು ವರ್ಷ ಸಂಸತ್ತನ್ನು ಕರೆಯದೆಯೇ ಆಳಿದನು. ಹಣಕ್ಕಾಗಿ ಸಂಸತ್ತನ್ನು ಕರೆಯಲೇಬೇಕಾಗಿ ಬಂದಾಗ ಜಗಳ ಬಿರುಸಾಗಿ 1642ರಲ್ಲಿ ಅಂತರ್ಯುದ್ಧ ಹತ್ತಿತು, 1649ರಲ್ಲಿ ರಾಜನ ತಲೆ ಉರುಳಿತು. ಆಲಿವರ್ ಕ್ರಾಮ್‌ವೆಲ್‌ನ ಕಾಲದಲ್ಲಿ ಕೆಲವು ವರ್ಷ ರಾಜನಿಲ್ಲದ ಗಣರಾಜ್ಯ. 1660ರಲ್ಲಿ ಎರಡನೆಯ ಚಾರ್ಲ್ಸನ ಮೂಲಕ ಅರಸೊತ್ತಿಗೆಯ ಮರುಸ್ಥಾಪನೆ. 1665ರಲ್ಲಿ ಲಂಡನ್ನಿನ ಪ್ಲೇಗು, 1666ರಲ್ಲಿ ಮಹಾ ಬೆಂಕಿ. 1688ರಲ್ಲಿ ಆರೆಂಜಿನ ವಿಲಿಯಂನನ್ನು ಹಾಲೆಂಡಿನಿಂದ ಕರೆಸಿಕೊಳ್ಳಲಾಯಿತು. 1689ರ ಹಕ್ಕುಗಳ ಮಸೂದೆ ರಾಜನ ಅಧಿಕಾರಕ್ಕೆ ಮಿತಿ ಹಾಕಿತು. 1714ರಲ್ಲಿ ಜರ್ಮನಿಯಿಂದ ಬಂದ ಮೊದಲನೆಯ ಜಾರ್ಜನಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲವಾದ್ದರಿಂದ ಮಂತ್ರಿಗಳ ಮೇಲೆ ಅವಲಂಬನೆ ಬೆಳೆಯಿತು, ಹೀಗಾಗಿ ರಾಬರ್ಟ್ ವಾಲ್‌ಪೋಲ್ 1721ರಿಂದ 1742ರವರೆಗೆ ಮೊದಲ ಪ್ರಧಾನಿ ಎನಿಸಿಕೊಂಡನು. ಅಧಿಕಾರ ರಾಜನಿಂದ ಸಂಸತ್ತಿಗೆ ಬಂತು, ಆದರೆ ಸಂಸತ್ತಿಗೆ ಆರಿಸುವವರು ಬೆರಳೆಣಿಕೆಯ ಆಸ್ತಿವಂತರು. ಅದನ್ನು ಸಡಿಲಿಸಿದವು 1832 ಮತ್ತು 1867ರ ಸುಧಾರಣಾ ಕಾಯ್ದೆಗಳು. 1918ರಲ್ಲಿ 30 ದಾಟಿದ ಹೆಂಗಸರಿಗೆ, 1928ರಲ್ಲಿ ಗಂಡಸರಂತೆಯೇ 21ಕ್ಕೆ, 1969ರಲ್ಲಿ 18 ವರ್ಷದ ಎಲ್ಲರಿಗೂ ಮತದಾನದ ಹಕ್ಕು ಬಂತು. ಈ ಎರಡು ಪ್ಯಾರಾಗಳ ಇಸವಿಗಳನ್ನು ಪುಸ್ತಕ ಮುಚ್ಚಿ ಮನೆಯವರೊಬ್ಬರಿಗೆ ಕಥೆಯಾಗಿ ಹೇಳಬಲ್ಲಿರಾದರೆ ಇತಿಹಾಸದ ಕಷ್ಟದ ಭಾಗ ನಿಮ್ಮ ಕೈಗೆ ಬಂತೆಂದೇ ಲೆಕ್ಕ.

ಇಪ್ಪತ್ತನೆಯ ಶತಮಾನ ನಮಗೆ ಶಾಲೆಯಿಂದಲೇ ಅಷ್ಟಿಷ್ಟು ಪರಿಚಿತ. ಕಲ್ಯಾಣ ರಾಜ್ಯಕ್ಕೆ ತಳಪಾಯವಾದ 1942ರ ಬೆವರಿಜ್ ವರದಿ, 1945ರಲ್ಲಿ ಗೆದ್ದ ಆಟ್ಲಿಯ ಲೇಬರ್ ಸರ್ಕಾರ, 1948ರಲ್ಲಿ ಅನ್ಯೂರಿನ್ ಬೆವನ್ ಸ್ಥಾಪಿಸಿದ ಎನ್‌ಎಚ್‌ಎಸ್ ಎಂಬ ರಾಷ್ಟ್ರೀಯ ಆರೋಗ್ಯ ಸೇವೆ, 1979ರಿಂದ 1990ರವರೆಗೆ ಮೊದಲ ಮಹಿಳಾ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್, ಉತ್ತರ ಐರ್ಲೆಂಡಿನ ಶಾಂತಿಗಾಗಿ ಆದ 1998ರ ಗುಡ್ ಫ್ರೈಡೇ ಒಪ್ಪಂದ ಇವನ್ನು ಬಿಡಬೇಡಿರಿ.

ನಮ್ಮ ಕಡೆಯ ನೆನಪುಗಳೂ ಕೆಲವೊಮ್ಮೆ ಕೊಕ್ಕೆಯಂತೆ ಉಪಯೋಗಕ್ಕೆ ಬರುತ್ತವೆ. 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಮುಂದೆ ಪ್ರಧಾನಿಯೂ ಆದ ‘ಐರನ್ ಡ್ಯೂಕ್’ ವೆಲಿಂಗ್ಟನ್ ಬೇರೆ ಯಾರೂ ಅಲ್ಲ. 1799ರಲ್ಲಿ ಟಿಪ್ಪು ಮಡಿದ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದು, ಬಳಿಕ ಆ ಪಟ್ಟಣದ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ. ಟಿಪ್ಪುವಿನ ಆಟದ ಹುಲಿ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಬಂಗಾಳದ ಸೇನೆಯಲ್ಲಿದ್ದು ಬಂದ ಶೇಕ್ ದೀನ್ ಮಹಮ್ಮದ್ 1810ರಲ್ಲಿ ಲಂಡನ್ನಿನ ಜಾರ್ಜ್ ಸ್ಟ್ರೀಟ್‌ನಲ್ಲಿ ಬ್ರಿಟನ್ನಿನ ಮೊದಲ ಕರಿ ಹೋಟೆಲನ್ನು ತೆರೆದದ್ದನ್ನು ಕೈಪಿಡಿಯೇ ಹೇಳುತ್ತದೆ. ‘ಶಾಂಪೂ’ ಎಂಬ ಪದ್ಧತಿಯನ್ನು ಇಲ್ಲಿಗೆ ತಂದವನೂ ಅವನೇ.

ಒಂದು ಎಚ್ಚರಿಕೆಯ ಮಾತು. ವಸಾಹತುಗಳಿಗೆ ಸ್ವಾತಂತ್ರ್ಯ ಸಿಕ್ಕಿದ ಬಗೆಯನ್ನು ಕೈಪಿಡಿ ಬಹುಮಟ್ಟಿಗೆ ಕ್ರಮಬದ್ಧವಾದ ಬದಲಾವಣೆಯೆಂದು ಬಣ್ಣಿಸುತ್ತದೆ. 1947ರ ವಿಭಜನೆಯ ರಕ್ತಪಾತ ಬಲ್ಲ ಯಾರಿಗೂ ಈ ಸಾಲು ಗಂಟಲಲ್ಲಿ ಇಳಿಯುವುದು ಕಷ್ಟ. 2020ರಲ್ಲಿ ನೂರಕ್ಕೂ ಹೆಚ್ಚು ಇತಿಹಾಸಕಾರರು ಗುಲಾಮಗಿರಿ ಮತ್ತು ಸಾಮ್ರಾಜ್ಯದ ಕುರಿತ ಈ ಬರವಣಿಗೆಯನ್ನು ಬಹಿರಂಗ ಪತ್ರದಲ್ಲಿ ಟೀಕಿಸಿದ್ದಾರೆ; 2022ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಸಮಿತಿಯೊಂದೂ ಪರೀಕ್ಷೆಯನ್ನು ಪರಿಷ್ಕರಿಸಬೇಕೆಂದು ಹೇಳಿದೆ. ನಿಮ್ಮ ಅಭಿಪ್ರಾಯ ನಿಮ್ಮಲ್ಲಿಯೇ ಇರಲಿ. ಉತ್ತರ ಮಾತ್ರ ಕೈಪಿಡಿಯದ್ದಾಗಿರಲಿ.

ಐದನೆಯ ಹೆಜ್ಜೆ: ಆಡಳಿತವನ್ನು ನಮ್ಮದರ ಪಕ್ಕದಲ್ಲಿಟ್ಟು ನೋಡಿ

ಭಾರತದಲ್ಲಿ ಓದಿದವರಿಗೆ ಇದು ಅತ್ಯಂತ ಸುಲಭವಾದ ಅಧ್ಯಾಯ, ಏಕೆಂದರೆ ನಮ್ಮ ಸಂಸದೀಯ ಪದ್ಧತಿಯ ಬಹುಪಾಲು ಇಲ್ಲಿಂದಲೇ ಬಂದದ್ದು. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಮಾತ್ರ ನಿಂತು ಓದಿದರೆ ಸಾಕು. ಇಲ್ಲಿ ಒಂದೇ ದಾಖಲೆಯಾಗಿ ಬರೆದಿಟ್ಟ ಸಂವಿಧಾನವಿಲ್ಲ. ಹೌಸ್ ಆಫ್ ಕಾಮನ್ಸ್‌ಗೆ 650 ಸದಸ್ಯರು ನೇರವಾಗಿ ಆಯ್ಕೆಯಾಗುತ್ತಾರೆ. ಹೌಸ್ ಆಫ್ ಲಾರ್ಡ್ಸ್‌ಗೆ ಚುನಾವಣೆಯೇ ಇಲ್ಲ, 1958ರಿಂದೀಚೆಗೆ ಜೀವಾವಧಿಗೆ ಸದಸ್ಯರನ್ನು ನೇಮಿಸುವ ಪದ್ಧತಿಯಿದೆ. ಸ್ಪೀಕರ್ ಪಕ್ಷಾತೀತರು, ಆದರೂ ತಮ್ಮ ಕ್ಷೇತ್ರದ ಪ್ರತಿನಿಧಿಯಾಗಿ ಮುಂದುವರಿಯುತ್ತಾರೆ. ವಿರೋಧ ಪಕ್ಷದವರು ಒಬ್ಬೊಬ್ಬ ಮಂತ್ರಿಗೂ ಎದುರಾಗಿ ತಮ್ಮವರೊಬ್ಬರನ್ನು ನಿಲ್ಲಿಸಿ ನೆರಳು ಸಂಪುಟವನ್ನು ಕಟ್ಟುತ್ತಾರೆ.

ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ತಮ್ಮವೇ ಶಾಸನಸಭೆಗಳಿದ್ದು, ಶಿಕ್ಷಣ ಮತ್ತು ಆರೋಗ್ಯ ಅವುಗಳ ಕೈಯಲ್ಲಿವೆ; ರಕ್ಷಣೆ, ವಿದೇಶಾಂಗ, ವಲಸೆ ವೆಸ್ಟ್‌ಮಿನ್‌ಸ್ಟರ್‌ನಲ್ಲಿಯೇ, ಅಂದರೆ ಲಂಡನ್ನಿನ ಸಂಸತ್ತಿನ ಕೈಯಲ್ಲಿಯೇ ಉಳಿದಿವೆ. ಇಂಗ್ಲೆಂಡಿಗೆ ಮಾತ್ರ ಪ್ರತ್ಯೇಕ ಶಾಸನಸಭೆಯಿಲ್ಲ. ನಮ್ಮ ರಾಜ್ಯಗಳ ಲೆಕ್ಕಾಚಾರವನ್ನು ಇಲ್ಲಿಗೆ ಹಾಕುವವರು ಇಲ್ಲಿ ಎಡವುತ್ತಾರೆ. ಹಾಲಿರೂಡ್‌ನ ಸ್ಕಾಟಿಷ್ ಪಾರ್ಲಿಮೆಂಟಿನಲ್ಲಿ 129 ಸದಸ್ಯರು, ಬೆಲ್‌ಫಾಸ್ಟಿನ ಸ್ಟಾರ್‌ಮಂಟ್‌ನಲ್ಲಿ ಸೇರುವ ಉತ್ತರ ಐರ್ಲೆಂಡಿನ ಶಾಸನಸಭೆಯಲ್ಲಿ 90.

ಇನ್ನೊಂದು ಸಂಗತಿ ಪರೀಕ್ಷೆಗೂ ಬೇಕು, ಬದುಕಿಗೂ ಬೇಕು. ಕಾಮನ್‌ವೆಲ್ತ್ ದೇಶಗಳ ನಾಗರಿಕರು ಕಾನೂನುಬದ್ಧವಾಗಿ ಇಲ್ಲಿ ನೆಲೆಸಿದ್ದರೆ ಸಂಸತ್ತಿನ ಚುನಾವಣೆಯಲ್ಲೂ ಮತ ಹಾಕಬಹುದು. ಅಂದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ, ವೀಸಾದಲ್ಲಿರುವಾಗಲೇ, ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಹಲವು ವರ್ಷ ಇಲ್ಲಿದ್ದೂ ಇದನ್ನು ತಿಳಿಯದವರು ನಮ್ಮಲ್ಲಿ ಬಹಳ.

ಸಂಸತ್ತನ್ನು ಒಮ್ಮೆ ಕಣ್ಣಾರೆ ನೋಡಿಬನ್ನಿರಿ. ಸಾರ್ವಜನಿಕರ ಗ್ಯಾಲರಿಗೆ ಪ್ರವೇಶ ಉಚಿತ. ಹೋದಾಗ ಥೇಮ್ಸ್ ದಾಟಿ ಲ್ಯಾಂಬೆತ್ ಬದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೂ ನಡೆಯಿರಿ. 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಅಲ್ಲಿದೆ, ಆಚೆ ದಡದಲ್ಲಿ ಸಂಸತ್ ಭವನ.

ಆರನೆಯ ಹೆಜ್ಜೆ: ಸಂಸ್ಕೃತಿಯನ್ನು ವರ್ಷದ ಸುತ್ತಾಗಿ ಓದಿ

ಹಬ್ಬಗಳನ್ನು ಕ್ಯಾಲೆಂಡರಿನ ಮೇಲೆ ಗುರುತಿಸಿಕೊಳ್ಳುವುದು ಸಾಕು. ವೇಲ್ಸಿನ ಸೇಂಟ್ ಡೇವಿಡ್ ದಿನ ಮಾರ್ಚ್ 1, ಉತ್ತರ ಐರ್ಲೆಂಡಿನ ಸೇಂಟ್ ಪ್ಯಾಟ್ರಿಕ್ ದಿನ ಮಾರ್ಚ್ 17, ಇಂಗ್ಲೆಂಡಿನ ಸೇಂಟ್ ಜಾರ್ಜ್ ದಿನ ಏಪ್ರಿಲ್ 23, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂ ದಿನ ನವೆಂಬರ್ 30. ಇವುಗಳಲ್ಲಿ ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಮಾತ್ರ ಅಧಿಕೃತ ರಜೆ. ನವೆಂಬರ್ 5ರ ಪಟಾಕಿಗೆ 1605ರಲ್ಲಿ ಸಂಸತ್ತನ್ನು ಮದ್ದಿನಿಂದ ಸಿಡಿಸಲು ನಡೆದ ವಿಫಲ ಸಂಚು ಕಾರಣ. ನವೆಂಬರ್ 11ರ ಕೆಂಪು ಗಸಗಸೆ ಹೂವಿಗೆ 1918ರಲ್ಲಿ ಮುಗಿದ ಮಹಾಯುದ್ಧ ಕಾರಣ. ಲೆಸ್ಟರಿನ ದೀಪಾವಳಿಯೂ ಕೈಪಿಡಿಯಲ್ಲಿದೆ. ವಿಜ್ಞಾನಿಗಳ ಪಟ್ಟಿಯಲ್ಲಿ ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್, ಟೆಲಿವಿಷನ್ನಿನ ಬೇರ್ಡ್, ಜೆಟ್ ಎಂಜಿನ್ನಿನ ವಿಟ್ಲ್, ವರ್ಲ್ಡ್ ವೈಡ್ ವೆಬ್‌ನ ಟಿಮ್ ಬರ್ನರ್ಸ್-ಲೀ ಮುಖ್ಯರು. ಚಿತ್ರಕಾರರು, ಕವಿಗಳ ಹೆಸರುಗಳನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಿರಿ, ಅವು ಬೇಗ ಮರೆತುಹೋಗುತ್ತವೆ.

ಏಳನೆಯ ಹೆಜ್ಜೆ: ಪ್ರಶ್ನೆಯ ಬಗೆಗಳಿಗೆ ಕೈ ಪಳಗಿಸಿ

ಪ್ರಶ್ನೆಗಳು ನಾಲ್ಕು ಬಗೆಯವು: ನಾಲ್ಕರಲ್ಲಿ ಒಂದು ಸರಿ, ಸರಿಯೋ ತಪ್ಪೋ, ಎರಡು ಹೇಳಿಕೆಗಳಲ್ಲಿ ಯಾವುದು ಸರಿ, ಹಾಗೂ ನಾಲ್ಕರಲ್ಲಿ ಎರಡು ಸರಿ. ಕೊನೆಯದರಲ್ಲಿಯೇ ಅವಸರದವರು ಬೀಳುವುದು. ‘ವೇಲ್ಸ್, ಐಲ್ ಆಫ್ ಮ್ಯಾನ್, ಉತ್ತರ ಐರ್ಲೆಂಡ್, ಚಾನೆಲ್ ದ್ವೀಪಗಳು, ಇವುಗಳಲ್ಲಿ ಯಾವ ಎರಡು ಯುಕೆಯ ಭಾಗವಲ್ಲ?’ ಎಂದು ಕೇಳಿದ್ದರೆ, ಐಲ್ ಆಫ್ ಮ್ಯಾನ್ ಒಂದನ್ನೇ ಗುರುತಿಸಿ ಮುಂದಕ್ಕೆ ಹೋದವರಿಗೆ ಅರ್ಧ ಅಂಕವೂ ಸಿಗುವುದಿಲ್ಲ. ‘ಎರಡು’ ಎಂಬ ಪದವನ್ನೂ ‘ಅಲ್ಲ’ ಎಂಬ ಪದವನ್ನೂ ಹುಡುಕಿಕೊಂಡ ಮೇಲೆಯೇ ಉತ್ತರದ ಕಡೆಗೆ ಕಣ್ಣು ಹಾಯಿಸಿರಿ. 45 ನಿಮಿಷ ಧಾರಾಳವಾಗಿ ಸಾಕು.

ಅಣಕು ಪರೀಕ್ಷೆಗಳನ್ನು ಎರಡನೆಯ ಓದು ಮುಗಿದ ಮೇಲೆ ಮಾತ್ರ ಆರಂಭಿಸಿರಿ. ಅವುಗಳನ್ನೇ ನೆಚ್ಚಿಕೊಂಡರೆ ಪ್ರಶ್ನೆಯ ಧಾಟಿ ನೆನಪಾಗುತ್ತದೆಯೇ ಹೊರತು ವಿಷಯವಲ್ಲ. ಮೂರು ದಿನ ಸತತವಾಗಿ 22ಕ್ಕಿಂತ ಹೆಚ್ಚು ಸರಿಯುತ್ತರ ಬರುವವರೆಗೆ ನಾನು ದಿನಾಂಕ ಕಾದಿರಿಸಲಿಲ್ಲ. ದಿನಕ್ಕೆ ಒಂದು ಗಂಟೆಯಂತೆ ಐದು ವಾರ ಹಿಡಿಯಿತು.

ಎಂಟನೆಯ ಹೆಜ್ಜೆ: ಕಾದಿರಿಸುವಾಗ ಹೆಸರಿನ ಮೇಲೆ ಕಣ್ಣಿಡಿ

ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಕನಿಷ್ಠ 3 ದಿನ ಮುಂಚಿತವಾಗಿ ಕಾದಿರಿಸಬೇಕು. ಶುಲ್ಕ 50 ಪೌಂಡ್. ದುಬಾರಿ ಶುಲ್ಕ ಕೇಳುವ ಮಧ್ಯವರ್ತಿ ತಾಣಗಳಿಂದ ದೂರವಿರಿ. ಸೋತರೆ 7 ದಿನ ಬಿಟ್ಟು, ಮತ್ತೆ ಶುಲ್ಕ ಕಟ್ಟಿ, ಎಷ್ಟು ಬಾರಿಯಾದರೂ ಬರೆಯಬಹುದು.

ಕನ್ನಡಿಗರಿಗೆ ತೊಡಕಾಗುವುದು ಹೆಸರಿನಲ್ಲಿ. ನಮ್ಮಲ್ಲಿ ಅನೇಕರಿಗೆ ಕುಟುಂಬದ ಹೆಸರೇ ಇರುವುದಿಲ್ಲ. ಊರಿನದೂ ತಂದೆಯದೂ ಇನಿಷಿಯಲ್‌ಗಳು ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡು ಉದ್ದವಾಗಿರುತ್ತವೆ, ಕೆಲವೊಮ್ಮೆ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ಕಚೇರಿಯಲ್ಲಿ ಬಳಸುವ ಮೊಟಕು ಹೆಸರನ್ನು ಅಭ್ಯಾಸಬಲದಿಂದ ತುಂಬಿದ ನಾನು, ಹಿಂದಿನ ರಾತ್ರಿ ಗುರುತಿನ ದಾಖಲೆಯೊಂದಿಗೆ ಹೋಲಿಸಿ ನೋಡಿ ಬೆವೆತುಹೋದೆ. ಕಾದಿರಿಸಿದ್ದನ್ನು ಬಿಟ್ಟುಕೊಟ್ಟು 50 ಪೌಂಡ್ ಮತ್ತೆ ತೆತ್ತೆ. ದಾಖಲೆಯಲ್ಲಿ ಇದ್ದುದನ್ನು ಇದ್ದಂತೆಯೇ, ಅಕ್ಷರ ಬಿಡದೆ ತುಂಬಿರಿ. ಕಾದಿರಿಸುವಾಗ ಕೊಟ್ಟ ದಾಖಲೆಯನ್ನೇ ಕೇಂದ್ರಕ್ಕೂ ಒಯ್ಯಿರಿ. ಹೊಂದಿಕೆಯಾಗದಿದ್ದರೆ ಒಳಗೆ ಬಿಡುವುದಿಲ್ಲ, ಹಣವೂ ಮರಳುವುದಿಲ್ಲ.

ಕೇಂದ್ರದಲ್ಲಿ ಮೊಬೈಲ್, ಕೈಗಡಿಯಾರ, ಪರ್ಸು ಎಲ್ಲವನ್ನೂ ಹೊರಗಿಡಬೇಕಾಗುತ್ತದೆ. ಜೇಬು ಹೊರಚಾಚಿ ತೋರಿಸಲು, ತೋಳು ಮಡಚಲು ಹೇಳಿದರೆ ಮುಜುಗರಪಡಬೇಡಿರಿ. ಫಲಿತಾಂಶ ಅದೇ ದಿನ ತಿಳಿಯುತ್ತದೆ. ತೇರ್ಗಡೆಯ ಉಲ್ಲೇಖ ಸಂಖ್ಯೆಯನ್ನು ಎರಡು ಕಡೆ ಬರೆದಿಟ್ಟುಕೊಳ್ಳಿರಿ.

ಒಂಬತ್ತನೆಯ ಹೆಜ್ಜೆ: ಪರೀಕ್ಷೆಯಿಂದ ಪ್ರಮಾಣ ವಚನದವರೆಗೆ

ಸಾಮಾನ್ಯವಾಗಿ ಐಎಲ್‌ಆರ್ ದೊರೆತು 12 ತಿಂಗಳು ಕಳೆದ ಮೇಲೆ ಪೌರತ್ವದ ಅರ್ಜಿ ಹಾಕಬಹುದು. ಹಿಂದಿನ 5 ವರ್ಷಗಳಲ್ಲಿ ದೇಶದ ಹೊರಗೆ ಕಳೆದ ದಿನಗಳು 450ನ್ನೂ, ಕೊನೆಯ 12 ತಿಂಗಳಲ್ಲಿ 90ನ್ನೂ ಮೀರಬಾರದು. ಬ್ರಿಟಿಷ್ ಪೌರರ ಪತಿ ಅಥವಾ ಪತ್ನಿಗೆ ಈ ಅವಧಿ 3 ವರ್ಷ, ಹೊರಗಿನ ದಿನಗಳು 270. ಅವರು ಐಎಲ್‌ಆರ್ ಬಳಿಕ ವರ್ಷ ಕಾಯಬೇಕಾಗಿಯೂ ಇಲ್ಲ. ಊರಿಗೆ ಮದುವೆ, ಗೃಹಪ್ರವೇಶ, ಸಾವುನೋವು ಎಂದು ಓಡಾಡುವ ನಾವು ಈ ಲೆಕ್ಕವನ್ನು ಮೊದಲ ದಿನದಿಂದಲೇ ಬರೆದಿಡಬೇಕು. ಐದು ವರ್ಷದ ಪ್ರಯಾಣಗಳನ್ನು ಹಳೆಯ ಮೇಲ್‌ಗಳಿಂದ ಹೆಕ್ಕಿ ತೆಗೆಯುವುದು ಪರೀಕ್ಷೆಗಿಂತಲೂ ಕಠಿಣ. ಇಬ್ಬರು ಪರಿಚಯದವರ ಶಿಫಾರಸು ಬೇಕು. ಅರ್ಜಿಯ ಶುಲ್ಕ ಒಂದೂವರೆ ಸಾವಿರ ಪೌಂಡ್‌ಗೂ ಮೇಲೆ, ತಿರಸ್ಕೃತವಾದರೆ ಅದರ ಬಹುಪಾಲು ಹೋದಂತೆಯೇ.

ಅರ್ಜಿ ಮಂಜೂರಾದ ಪತ್ರ ಬಂದ 3 ತಿಂಗಳೊಳಗೆ ಸ್ಥಳೀಯ ಕೌನ್ಸಿಲ್ ನಡೆಸುವ ಸಮಾರಂಭದಲ್ಲಿ ಪಾಲ್ಗೊಂಡು ರಾಜನಿಗೆ ನಿಷ್ಠೆಯ ಪ್ರಮಾಣ ಸ್ವೀಕರಿಸಬೇಕು. ದೇವರ ಹೆಸರಿನಲ್ಲಿ ಬೇಡವೆನ್ನುವವರಿಗೆ ದೃಢೀಕರಣದ ಮಾತುಗಳಿವೆ. ಪೌರತ್ವ ಆರಂಭವಾಗುವುದು ಆ ಸಮಾರಂಭದಲ್ಲಿಯೇ, ಭಾರತದ ಪೌರತ್ವ ಮುಗಿಯುವುದೂ ಆಗಲೇ. ಭಾರತದ 1955ರ ಪೌರತ್ವ ಕಾಯ್ದೆ ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲ. ಆ ದಿನದ ನಂತರ ಭಾರತದ ಪಾಸ್‌ಪೋರ್ಟಿನ ಮೇಲೆ ಪ್ರಯಾಣ ಮಾಡುವಂತಿಲ್ಲ. ಅದನ್ನು ಒಪ್ಪಿಸಿ, ಸರೆಂಡರ್ ಪ್ರಮಾಣಪತ್ರ ಪಡೆದು, ಬ್ರಿಟಿಷ್ ಪಾಸ್‌ಪೋರ್ಟ್ ಬಂದ ಮೇಲೆ ಒಸಿಐ ಎಂಬ ಸಾಗರೋತ್ತರ ಭಾರತೀಯರ ಕಾರ್ಡಿಗೆ ಅರ್ಜಿ ಹಾಕಬೇಕು. ಒಸಿಐ ಇದ್ದವರಿಗೆ ಭಾರತದಲ್ಲಿ ಮತದಾನದ ಹಕ್ಕಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಊರಲ್ಲಿ ಒಂದು ತೋಟ ಮಾಡಬೇಕೆಂಬ ಆಸೆಯಿರುವವರು ಅರ್ಜಿ ಹಾಕುವ ಮೊದಲೇ ಇದನ್ನು ಮನೆಯಲ್ಲಿ ಮಾತಾಡಿಕೊಳ್ಳಲಿ. ಈ ಕಾಗದಪತ್ರಗಳೆಲ್ಲ ಒಂದರ ಹಿಂದೊಂದು ಬರುವಂಥವಾದ್ದರಿಂದ, ಸಮಾರಂಭದ ದಿನಾಂಕವನ್ನು ಆರಿಸಿಕೊಳ್ಳುವಾಗ ಮುಂದಿನ ಕೆಲವು ತಿಂಗಳು ಊರಿಗೆ ಹೋಗಬೇಕಾದ ಕಾರ್ಯಗಳು ಇವೆಯೇ ಎಂದು ಮೊದಲು ವಿಚಾರಿಸಿಕೊಳ್ಳಿರಿ.